ಎರಡು ಮಾತ್ರೆ, ಇಪ್ಪತ್ತೊಂದು ದಿನ

ಪಾರ್ಶ್ವವಾಯುವಿಗೆ ಗಡಿನಾಡಿನಲ್ಲಿ ಹೆಸರುಗಳು ಹಲವು. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ಅದು ‘ಲಕ್ವ’. ಆದವಾನಿ, ರಾಯದುರ್ಗದ ಪೇಟೆಗಳಲ್ಲಿ ತೆಲುಗಿನ ‘ಪಕ್ಷವಾತಂ’. ತಾಳವಾಡಿಯಿಂದ ಬೆಟ್ಟವಿಳಿದು ಸತ್ಯಮಂಗಲಕ್ಕೆ ಹೋದರೆ ‘ಪಕ್ಕವಾದಂ’, ಕಾಸರಗೋಡಿನಲ್ಲಿ ಮಲಯಾಳದ ‘ಪಕ್ಷಾಘಾತಂ’. ವೈದ್ಯರ ಬಾಯಲ್ಲಿ ಎಲ್ಲೆಡೆಯೂ ಒಂದೇ ಮಾತು, ‘ಸ್ಟ್ರೋಕ್’. ಹೆಸರು ಯಾವುದೇ ಇರಲಿ, ರೋಗಿ ಮನೆಗೆ ಮರಳುವಾಗ ಕೈಗೆ ಬರುವ ಬಿಡುಗಡೆ ಪತ್ರ ಮಾತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಓದಿ ಅಜ್ಜನಿಗೆ ಮಾತ್ರೆ ಎಣಿಸಿ ಕೊಡುವ ಹೊಣೆ ಹಲವು ಮನೆಗಳಲ್ಲಿ ಬೀಳುವುದು ಎಂಟನೆಯದೋ ಹತ್ತನೆಯದೋ ತರಗತಿಯನ್ನು ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಮೊಮ್ಮಕ್ಕಳ ಮೇಲೆ.

ಆ ಪತ್ರದ ಔಷಧಿಪಟ್ಟಿಯಲ್ಲಿ ಈಚಿನ ವರ್ಷಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣಿಸುತ್ತಿದೆ. ಆಸ್ಪಿರಿನ್ 75 ಮಿಲಿಗ್ರಾಂ, ಕ್ಲೋಪಿಡೋಗ್ರೆಲ್ 75 ಮಿಲಿಗ್ರಾಂ. ಎರಡೂ 21 ದಿನ. ಬಳಿಕ ಒಂದು ಮಾತ್ರ, ಮುಂದುವರಿಕೆ. ಕೆಲವು ಪತ್ರಗಳಲ್ಲಿ ಇಷ್ಟೂ ಇರುವುದಿಲ್ಲ, ‘ಡಿ.ಎ.ಪಿ.ಟಿ.’ ಎಂಬ ನಾಲ್ಕಕ್ಷರವೂ ಪಕ್ಕದಲ್ಲೊಂದು ಅಂಕೆಯೂ ಇರುತ್ತವೆ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಎರಡು ಬಗೆಯ ಮದ್ದುಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳವು. ಮನೆಯವರು ಈ ಸಾಲನ್ನು ಎರಡು ರೀತಿಯಲ್ಲಿ ತಪ್ಪಾಗಿ ಓದಿಕೊಳ್ಳಬಹುದು. ಇಪ್ಪತ್ತೊಂದು ದಿನಕ್ಕೆ ಚಿಕಿತ್ಸೆಯೇ ಮುಗಿಯಿತೆಂದು ಎರಡನ್ನೂ ನಿಲ್ಲಿಸಿಬಿಡುವುದು ಒಂದು. ಒಳ್ಳೆಯ ಮದ್ದು ಇನ್ನಷ್ಟು ದಿನ ಇರಲಿ ಎಂದು ಹಳೆಯ ಚೀಟಿಯನ್ನೇ ಅಂಗಡಿಯಲ್ಲಿ ತೋರಿಸಿ ಎರಡನ್ನೂ ವರ್ಷಗಟ್ಟಲೆ ನುಂಗುವುದು ಇನ್ನೊಂದು. ಮೊದಲನೆಯದರಿಂದ ಪಾರ್ಶ್ವವಾಯು ಮರುಕಳಿಸಬಹುದು. ಎರಡನೆಯದರಿಂದ ಹೊಟ್ಟೆಯಲ್ಲೋ ಮೆದುಳಿನಲ್ಲೋ ರಕ್ತಸ್ರಾವವಾಗಬಹುದು. ಆ 21 ಎಂಬ ಅಂಕೆ ಯಾರೋ ಒಬ್ಬ ವೈದ್ಯರು ಮನಸ್ಸಿಗೆ ತೋಚಿದಂತೆ ಬರೆದದ್ದಲ್ಲ. ಅದರ ಹಿಂದೆ ಹತ್ತಾರು ಸಾವಿರ ರೋಗಿಗಳು ಪಾಲ್ಗೊಂಡ ಪರೀಕ್ಷೆಗಳಿವೆ. ಅವುಗಳಲ್ಲಿ ಕೆಲವು ಸೋತ ಪರೀಕ್ಷೆಗಳು.

ಕಟ್ಟವೂ ಕೂಗೂ

ಪಾರ್ಶ್ವವಾಯುವಿನಲ್ಲಿ ಎರಡು ಜಾತಿ. ಮೆದುಳಿಗೆ ಹೋಗುವ ರಕ್ತನಾಳ ಮುಚ್ಚಿಕೊಂಡು, ಅದರ ಆಚೆಗಿನ ಭಾಗಕ್ಕೆ ರಕ್ತ ಸಿಗದೆ ಹೋಗುವುದು ಒಂದು. ನಾಳ ಒಡೆದು ಮೆದುಳಿನೊಳಗೆ ರಕ್ತ ಹರಿಯುವುದು ಇನ್ನೊಂದು. ಹೆಚ್ಚಿನ ಪ್ರಕರಣಗಳು ಮೊದಲನೆಯ ಜಾತಿಯವು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತೆರ: ಬಾಯಿ ವಾಲುತ್ತದೆ, ಕೈ ಸೋಲುತ್ತದೆ, ಮಾತು ತೊದಲುತ್ತದೆ. ಬೇರ್ಪಡಿಸಿ ಹೇಳಬಲ್ಲದ್ದು ತಲೆಯ ಸ್ಕ್ಯಾನ್ ಮಾತ್ರ. ಇಲ್ಲಿ ಚರ್ಚಿಸುವ ಮದ್ದುಗಳೆಲ್ಲ ಮೊದಲ ಜಾತಿಗೆ ಸಲ್ಲುವಂಥವು. ಎರಡನೆಯದರಲ್ಲಿ ಅವು ಉರಿಯುವ ಬೆಂಕಿಗೆ ಎಣ್ಣೆ. ಆದ್ದರಿಂದಲೇ, ಮನೆಯಲ್ಲಿ ಯಾರಿಗಾದರೂ ಬಾಯಿ ವಾಲಿದ ಕೂಡಲೇ ಪೆಟ್ಟಿಗೆಯಿಂದ ಆಸ್ಪಿರಿನ್ ತೆಗೆದು ನುಂಗಿಸುವುದು ಸಲ್ಲದು. ಹೃದಯಾಘಾತದ ಪ್ರಥಮ ಚಿಕಿತ್ಸೆಯಲ್ಲಿ ಆಸ್ಪಿರಿನ್ ಅಗಿಯಲು ಹೇಳುವುದನ್ನು ಕೇಳಿದವರು ಇಲ್ಲಿಯೂ ಅದನ್ನೇ ಮಾಡಹೋಗುವುದುಂಟು. ಸ್ಕ್ಯಾನ್ ಆಗದೆ ಆ ಮಾತ್ರೆ ಬೇಡ. ನುಂಗುವ ಶಕ್ತಿಯೇ ಕುಂದಿರುವ ರೋಗಿಗೆ ನೀರು, ಮಾತ್ರೆ ಕೊಡುವುದು ಬೇರೆಯೇ ಅಪಾಯ.

ರಕ್ತದಲ್ಲಿ, ಶಾಲೆಯ ವಿಜ್ಞಾನ ಪಾಠದಲ್ಲಿ ಕಿರುತಟ್ಟೆಯೆಂದೂ ಆಸ್ಪತ್ರೆಯಲ್ಲಿ ಪ್ಲೇಟ್‌ಲೆಟ್ ಎಂದೂ ಕರೆಯಲಾಗುವ ಸಣ್ಣ ಕಣಗಳಿವೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದ ತನಕ ಇರುವ ಈ ಕಣಗಳ ಆಯುಸ್ಸು ಏಳರಿಂದ ಹತ್ತು ದಿನ. ಇವುಗಳ ಕೆಲಸವನ್ನು ಅರಿಯಲು ಕಾಸರಗೋಡಿನ ತೋಟಗಾರರಿಗೆ ಹೊಸ ಹೋಲಿಕೆ ಬೇಕಿಲ್ಲ. ಮಳೆಗಾಲ ಕಳೆದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣು ಪೇರಿಸಿ ನಿಲ್ಲಿಸುವ ‘ಕಟ್ಟ’ ಸರಿಯಾದ ಜಾಗದಲ್ಲಿದ್ದರೆ ಅಡಿಕೆ ತೋಟ ಬೇಸಗೆಯಲ್ಲೂ ಹಸಿರು. ಅಂಥದೇ ಒಂದು ಕಟ್ಟ, ತೋಟಕ್ಕೆ ನೀರುಣಿಸುವ ಕಣಿಯ ನಡುವೆಯೇ ಎದ್ದರೆ ಅದರಾಚೆಗಿನ ಗಿಡಗಳೆಲ್ಲ ಒಣಗುತ್ತವೆ. ಕಿರುತಟ್ಟೆಗಳೂ ಕಟ್ಟ ಕಟ್ಟುವ ಕೂಲಿಗಳೇ. ಬೆರಳು ಕೊಯ್ದಾಗ ಓಡಿಬಂದು ಒಂದಕ್ಕೊಂದು ಅಂಟಿ ನಾಳದ ಬಿರುಕನ್ನು ಮುಚ್ಚುತ್ತವೆ. ಆದರೆ ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟುಗಳಿಂದ ಒರಟಾದ ನಾಳದ ಒಳಗೋಡೆಯಲ್ಲಿ ಕೊಬ್ಬಿನ ಗಂಟೊಂದು ಬಿರಿದಾಗ, ಅದನ್ನೂ ಅವು ಗಾಯವೆಂದೇ ತಿಳಿದು ಹರಿವ ನೀರಿನ ನಡುವೆ ಕಟ್ಟ ಎಬ್ಬಿಸುತ್ತವೆ.

ಗಾಯಕ್ಕೆ ಮೊದಲು ತಲುಪಿದ ಕಿರುತಟ್ಟೆ ಉಳಿದವನ್ನು ಕೂಗಿ ಕರೆಯುತ್ತದೆ. ಅದರ ಕೂಗು ರಾಸಾಯನಿಕ ವಸ್ತುಗಳ ರೂಪದ್ದು; ಮುಖ್ಯವಾದವು ಎರಡು. ಒಂದು ಥ್ರೋಂಬಾಕ್ಸೇನ್, ಇನ್ನೊಂದು ಎ.ಡಿ.ಪಿ. ಆಸ್ಪಿರಿನ್ ಮಾಡುವುದೆಂದರೆ ಥ್ರೋಂಬಾಕ್ಸೇನ್ ತಯಾರಿಸುವ ಕಿಣ್ವವನ್ನೇ ಶಾಶ್ವತವಾಗಿ ಕೆಡಿಸುವುದು. ಕಿರುತಟ್ಟೆಗೆ ಕೋಶಕೇಂದ್ರವಿಲ್ಲವಾದ್ದರಿಂದ ಅದು ಹೊಸ ಕಿಣ್ವವನ್ನು ಮಾಡಿಕೊಳ್ಳಲಾರದೆ ಸಾಯುವ ತನಕ ಮೂಕವಾಗಿಯೇ ಉಳಿಯುತ್ತದೆ. ಕ್ಲೋಪಿಡೋಗ್ರೆಲ್‌ನ ದಾರಿ ಬೇರೆ. ಅದು ಎ.ಡಿ.ಪಿ.ಯ ಕೂಗನ್ನು ಕೇಳಿಸಿಕೊಳ್ಳುವ ಕಿವಿಗೆ ಬಿರಡೆ ಹಾಕುತ್ತದೆ. ಒಂದರ ಬಾಯಿ ಮುಚ್ಚಿ, ಇನ್ನೊಂದರ ಕಿವಿ ಮುಚ್ಚಿದರೆ ಕಣಿಯ ನಡುವೆ ಕಟ್ಟ ಏಳುವುದು ಕಷ್ಟ. ನಿಜವಾದ ಗಾಯ ಮುಚ್ಚುವುದೂ ಅಷ್ಟೇ ಕಷ್ಟ. ಎರಡು ಮದ್ದಿನ ಇಡೀ ವಾದ ವಿವಾದ ಈ ಎರಡು ವಾಕ್ಯಗಳ ನಡುವೆ ನಡೆದದ್ದು.

ಒಂದು ಮಾತ್ರೆಯ ಕಾಲ

ಆಸ್ಪಿರಿನ್ ನೋವಿನ ಮಾತ್ರೆಯಾಗಿ 1899ರಲ್ಲಿ ಮಾರುಕಟ್ಟೆಗೆ ಬಂದದ್ದು. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಹುದೆಂದು ಮೊದಲಿಗೆ ಗಮನಿಸಿದವರಲ್ಲಿ ಒಬ್ಬರು ಅಮೆರಿಕದ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್ ಪಟ್ಟಣದ ವೈದ್ಯ ಲಾರೆನ್ಸ್ ಕ್ರೇವನ್. ಗಂಟಲಿನ ಟಾನ್ಸಿಲ್ ತೆಗೆಸಿಕೊಂಡವರು ನೋವಿಗೆಂದು ಆಸ್ಪಿರಿನ್ ಬೆರೆಸಿದ ಚ್ಯೂಯಿಂಗ್ ಗಮ್ಮನ್ನು ವಿಪರೀತ ಅಗಿದಾಗ ರಕ್ತ ನಿಲ್ಲದಿದ್ದುದನ್ನು ಅವರು ಕಂಡರು. ಹಾಗಾದರೆ ಹೃದಯಾಘಾತವನ್ನೂ ಪಾರ್ಶ್ವವಾಯುವನ್ನೂ ಇದರಿಂದ ತಡೆಯಬಹುದಲ್ಲವೇ ಎಂದು 1950ರ ದಶಕದಲ್ಲಿ ಬರೆದರು. ಅಷ್ಟೇನೂ ಹೆಸರಿಲ್ಲದ ಪತ್ರಿಕೆಗಳಲ್ಲಿ ಬಂದ ಆ ಬರಹಗಳನ್ನು ಯಾರೂ ಲಕ್ಷಿಸಲಿಲ್ಲ. ಹೋಲಿಕೆಗೆ ಮದ್ದು ಕೊಡದ ಗುಂಪನ್ನೂ ಅವರು ಇಟ್ಟುಕೊಂಡಿರಲಿಲ್ಲವೆನ್ನಿ. ಆಸ್ಪಿರಿನ್ ಕೆಲಸ ಮಾಡುವ ಬಗೆಯನ್ನು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್ ಪುರಸ್ಕಾರದಲ್ಲಿ ಅವರಿಗೆ ಪಾಲು ದೊರೆಯಿತು.

ಪಾರ್ಶ್ವವಾಯುವಿನ ಮಟ್ಟಿಗೆ ಗಟ್ಟಿ ಸಾಕ್ಷ್ಯ ಬಂದದ್ದು 1978ರಲ್ಲಿ, ಕೆನಡಾದಿಂದ. 585 ರೋಗಿಗಳ ಆ ಅಧ್ಯಯನದಲ್ಲಿ ಆಸ್ಪಿರಿನ್ ಪಡೆದವರಲ್ಲಿ ಪಾರ್ಶ್ವವಾಯು ಅಥವಾ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ವಿಚಿತ್ರವೆಂದರೆ ಪ್ರಯೋಜನ ಗಂಡಸರಲ್ಲಿ ಮಾತ್ರ ಕಂಡಿತು. ಹೆಂಗಸರ ಸಂಖ್ಯೆ ಸಾಲದೆ ಹಾಗಾಗಿತ್ತೆಂದೂ ಮದ್ದು ಇಬ್ಬರಿಗೂ ಒಂದೇ ಎಂದೂ ಮುಂದಿನ ಪರೀಕ್ಷೆಗಳು ತಿಳಿಸಿದವು. 1997ರಲ್ಲಿ ಎರಡು ಭಾರೀ ಪರೀಕ್ಷೆಗಳು, ಒಂದು ಅಂತಾರಾಷ್ಟ್ರೀಯ, ಇನ್ನೊಂದು ಚೀನಾದ್ದು, ಒಟ್ಟು ಸುಮಾರು 40,000 ರೋಗಿಗಳ ಲೆಕ್ಕವನ್ನು ಮುಂದಿಟ್ಟವು. ಪಾರ್ಶ್ವವಾಯು ಬಡಿದ ಎರಡು ದಿನಗಳೊಳಗೆ ಆಸ್ಪಿರಿನ್ ಆರಂಭಿಸಿದರೆ ಮೊದಲ ಕೆಲವು ವಾರಗಳಲ್ಲಿ ಸಾವಿರದಲ್ಲಿ ಸುಮಾರು ಒಂಬತ್ತು ಮಂದಿ ಸಾವಿನಿಂದಲೋ ಎರಡನೆಯ ಹೊಡೆತದಿಂದಲೋ ಪಾರಾಗುತ್ತಾರೆಂಬುದು ಅದರ ಸಾರ. ಒಂಬತ್ತು ಸಣ್ಣ ಅಂಕೆಯೆನಿಸಬಹುದು. ಕೆಲವು ಪೈಸೆಗಳ ಮಾತ್ರೆಯೊಂದು ಲೋಕದಾದ್ಯಂತ ಇಷ್ಟು ಮಾಡಿದರೆ ಅದು ಸಣ್ಣದಲ್ಲ.

ಹೆಚ್ಚು ಎಂದರೆ ಹೆಚ್ಚು ಒಳಿತೇ?

1996ರ ‘ಕ್ಯಾಪ್ರಿ’ ಪರೀಕ್ಷೆಯೊಂದಿಗೆ ಕ್ಲೋಪಿಡೋಗ್ರೆಲ್ ರಂಗಕ್ಕೆ ಬಂತು. ಹೃದ್ರೋಗದಲ್ಲಿ ಅದನ್ನೂ ಆಸ್ಪಿರಿನ್ನನ್ನೂ ಜೋಡಿಸಿ ಕೊಟ್ಟಾಗ ಒಳ್ಳೆಯ ಫಲ ಕಂಡಿತು. ಹೃದಯಕ್ಕೆ ಒಪ್ಪಿದ್ದು ಮೆದುಳಿಗೂ ಒಪ್ಪಬೇಕೆಂದು ತಜ್ಞರು ತರ್ಕಿಸಿದರು. ತರ್ಕ ಚೆನ್ನಾಗಿಯೇ ಇತ್ತು.

2004ರಲ್ಲಿ ಪ್ರಕಟವಾದ ‘ಮ್ಯಾಚ್’ ಪರೀಕ್ಷೆ 7,599 ರೋಗಿಗಳನ್ನು ಒಂದೂವರೆ ವರ್ಷ ಹಿಂಬಾಲಿಸಿತು. ಅರ್ಧ ಮಂದಿಗೆ ಕ್ಲೋಪಿಡೋಗ್ರೆಲ್ ಒಂದೇ, ಉಳಿದರ್ಧಕ್ಕೆ ಅದರ ಜೊತೆ ಆಸ್ಪಿರಿನ್. ಹೊಸ ಆಘಾತಗಳನ್ನು ತಡೆಯುವುದರಲ್ಲಿ ಎರಡು ಗುಂಪುಗಳ ನಡುವೆ ಎಣಿಸಬಹುದಾದ ವ್ಯತ್ಯಾಸ ಕಾಣಲಿಲ್ಲ. ಜೀವಕ್ಕೆ ಅಪಾಯ ತರುವ ರಕ್ತಸ್ರಾವ ಮಾತ್ರ ನೂರಕ್ಕೆ 1.3ರಿಂದ 2.6ಕ್ಕೆ, ಅಂದರೆ ಎರಡರಷ್ಟಕ್ಕೆ ಏರಿತು. 2012ರಲ್ಲಿ ಬೆಳಕಿಗೆ ಬಂದ ‘ಎಸ್.ಪಿ.ಎಸ್.3’ ಇನ್ನೂ ಕಠಿಣವಾದ ಪಾಠ ಹೇಳಿತು. ಮೆದುಳಿನ ಆಳದ ಕಿರುನಾಳಗಳು ಮುಚ್ಚಿ ಪಾರ್ಶ್ವವಾಯುವಿಗೆ ಗುರಿಯಾದ 3,020 ಮಂದಿಗೆ ಸರಾಸರಿ ಮೂರೂವರೆ ವರ್ಷ ಒಂದು ಅಥವಾ ಎರಡು ಮದ್ದು ಕೊಟ್ಟು ನೋಡಿದಾಗ, ಮರುಕಳಿಕೆ ಕಡಿಮೆಯಾಗಲಿಲ್ಲ. ದೊಡ್ಡ ರಕ್ತಸ್ರಾವ ಸರಿಸುಮಾರು ಇಮ್ಮಡಿಯಾಯಿತು. ಎರಡು ಮದ್ದಿನ ಗುಂಪಿನಲ್ಲಿ 113 ಮಂದಿ ತೀರಿಕೊಂಡರೆ ಒಂದರ ಗುಂಪಿನಲ್ಲಿ ತೀರಿಕೊಂಡವರು 77. ಮೂರು ಮದ್ದುಗಳನ್ನು ಒಟ್ಟಿಗೆ ಕೊಟ್ಟು ನೋಡಿದ ಬ್ರಿಟನ್ನಿನ ‘ಟಾರ್ಡಿಸ್’ ಪರೀಕ್ಷೆಯ ಫಲಿತಾಂಶ 2018ರಲ್ಲಿ ಬಂತು. ರಕ್ತಸ್ರಾವ ಹೆಚ್ಚಿತು, ಲಾಭ ಕಾಣಲಿಲ್ಲ.

ಹಳೆಯ ಚೀಟಿಯನ್ನು ಹಿಡಿದು ಎರಡು ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರು, ತಿಳಿಯದೆಯೇ, ‘ಮ್ಯಾಚ್’ ಮತ್ತು ‘ಎಸ್.ಪಿ.ಎಸ್.3’ ಪರೀಕ್ಷೆಗಳ ಸೋತ ಗುಂಪಿನಲ್ಲಿ ತಮ್ಮ ಹೆಸರು ಬರೆಸಿಕೊಂಡಂತಾಗುತ್ತದೆ.

ಮೊದಲ ದಿನಗಳ ಲೆಕ್ಕ

ಎಲ್ಲಿ ಎಡವಿತ್ತು? ಅದನ್ನು ತಿಳಿಯಲು ಬೇರೊಂದು ಪ್ರಶ್ನೆಗೆ ಉತ್ತರ ಬೇಕಾಗಿತ್ತು: ಎರಡನೆಯ ಹೊಡೆತ ಬೀಳುವುದು ಯಾವಾಗ? ಕೆಲವರಿಗೆ ಮಾತು ಹತ್ತು ನಿಮಿಷ ತೊದಲಿ ಸರಿಯಾಗುತ್ತದೆ. ಕೈ ಅರ್ಧ ಗಂಟೆ ಸೋತು ಮತ್ತೆ ಬಲ ಬರುತ್ತದೆ. ಟಿ.ಐ.ಎ. ಎಂದು ಕರೆಯಲಾಗುವ ಈ ಕ್ಷಣಿಕ ಆಘಾತದ 1,707 ರೋಗಿಗಳನ್ನು ಕ್ಯಾಲಿಫೋರ್ನಿಯಾದಲ್ಲಿ ಹಿಂಬಾಲಿಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಮೂರು ತಿಂಗಳೊಳಗೆ ಹತ್ತರಲ್ಲಿ ಒಬ್ಬರಿಗೆ ಪೂರ್ಣ ಪ್ರಮಾಣದ ಪಾರ್ಶ್ವವಾಯು ಬಡಿದಿತ್ತು. ಅವರಲ್ಲಿ ಅರ್ಧ ಮಂದಿಗೆ ಅದು ಬಡಿದದ್ದು ಮೊದಲ ಎರಡು ದಿನಗಳಲ್ಲಿ. ‘ಸರಿಯಾಯಿತಲ್ಲ, ಸೋಮವಾರ ನೋಡೋಣ’ ಎಂದು ಮನೆಯಲ್ಲೇ ಕುಳಿತವರು ಕಳೆದುಕೊಳ್ಳುವುದು ಆ ಎರಡು ದಿನಗಳನ್ನೇ. 2007ರಲ್ಲಿ ಆಕ್ಸ್‌ಫರ್ಡಿನ ಪೀಟರ್ ರಾಥ್‌ವೆಲ್ ಮತ್ತು ಸಂಗಡಿಗರು, ಇಂಥ ರೋಗಿಗಳನ್ನು ಕಾಯಿಸದೆ ಅಂದೇ ತಪಾಸಣೆ ಮಾಡಿ ಅಂದೇ ಮದ್ದು ಆರಂಭಿಸಿದರೆ 90 ದಿನಗಳ ಅಪಾಯ ನೂರಕ್ಕೆ 10.3ರಿಂದ 2.1ಕ್ಕೆ ಇಳಿಯುತ್ತದೆಂದು ತೋರಿಸಿದರು. ಅಲ್ಲಿ ಹೊಸ ಮದ್ದು ಒಂದೂ ಇರಲಿಲ್ಲ. ಇದ್ದ ಮದ್ದುಗಳೇ ಬೇಗ ಸಿಕ್ಕಿದವು.

ಅಪಾಯ ಮೊದಲ ದಿನಗಳಲ್ಲಿ ಶಿಖರದಲ್ಲಿದ್ದು ಬೇಗನೆ ಇಳಿಯುತ್ತದೆ. ರಕ್ತಸ್ರಾವದ ಭಯವಾದರೋ ಮದ್ದು ನುಂಗುವಷ್ಟು ದಿನವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೂಡುತ್ತ ಹೋಗುತ್ತದೆ. ಹಳೆಯ ಪರೀಕ್ಷೆಗಳು ಬಹುಪಾಲು ಶಿಖರ ದಾಟಿದ ಮೇಲೆ ಎರಡು ಮದ್ದು ಶುರುಮಾಡಿ, ವರ್ಷಗಟ್ಟಲೆ ಮುಂದುವರಿಸಿದ್ದವು.

ಬೀಜಿಂಗಿನ ಟಿಯಾನ್‌ಟಾನ್ ಆಸ್ಪತ್ರೆಯ ಯೋಂಗ್‌ಜುನ್ ವಾಂಗ್ ನೇತೃತ್ವದ ‘ಚಾನ್ಸ್’ ಪರೀಕ್ಷೆ ಈ ಲೆಕ್ಕವನ್ನು ತಿರುಗಿಸಿ ಹಾಕಿತು. ಚೀನಾದ 114 ಕೇಂದ್ರಗಳಲ್ಲಿ 5,170 ರೋಗಿಗಳು. ಎಲ್ಲರಿಗೂ ಲಘು ಪಾರ್ಶ್ವವಾಯು ಅಥವಾ ಅಪಾಯ ಹೆಚ್ಚಿರುವ ಟಿ.ಐ.ಎ.; ಎಲ್ಲರಿಗೂ 24 ಗಂಟೆಗಳೊಳಗೆ ಚಿಕಿತ್ಸೆ. ಒಂದು ಗುಂಪಿಗೆ ಆಸ್ಪಿರಿನ್ ಮಾತ್ರ. ಇನ್ನೊಂದಕ್ಕೆ ಮೊದಲ ದಿನ 300 ಮಿಲಿಗ್ರಾಂ ಕ್ಲೋಪಿಡೋಗ್ರೆಲ್, ಮರುದಿನದಿಂದ 75. ಅದರೊಂದಿಗೆ ಆಸ್ಪಿರಿನ್, ಆದರೆ 21 ದಿನ ಮಾತ್ರ. ಆ ಬಳಿಕ 90ನೆಯ ದಿನದ ತನಕ ಕ್ಲೋಪಿಡೋಗ್ರೆಲ್ ಒಂದೇ. ಬಿಡುಗಡೆ ಪತ್ರದಲ್ಲಿ ಇಂದು ಕಾಣುವ 21 ಇಲ್ಲಿಂದಲೇ ಬಂದದ್ದು. 2013ರಲ್ಲಿ ಫಲಿತಾಂಶ ಹೊರಬಂದಾಗ, 90 ದಿನಗಳಲ್ಲಿ ಹೊಸ ಪಾರ್ಶ್ವವಾಯು ಒಂದು ಮದ್ದಿನವರಲ್ಲಿ ನೂರಕ್ಕೆ 11.7, ಎರಡು ಮದ್ದಿನವರಲ್ಲಿ 8.2. ಗಂಭೀರ ರಕ್ತಸ್ರಾವದಲ್ಲಿ ವ್ಯತ್ಯಾಸವಿರಲಿಲ್ಲ.

ಚೀನಾದ ಜನರಿಗೆ ಹೊಂದಿದ್ದು ಉಳಿದವರಿಗೂ ಹೊಂದುವುದೇ ಎಂಬ ಪ್ರಶ್ನೆಗೆ ಹತ್ತು ದೇಶಗಳಲ್ಲಿ ನಡೆದ ‘ಪಾಯಿಂಟ್’ ಪರೀಕ್ಷೆ 2018ರಲ್ಲಿ ಉತ್ತರಿಸಿತು. ಇಲ್ಲಿ 4,881 ರೋಗಿಗಳು, 12 ಗಂಟೆಗಳೊಳಗೆ ಚಿಕಿತ್ಸೆ, ಮೊದಲ ದಿನ 600 ಮಿಲಿಗ್ರಾಂ, ಮತ್ತು ಎರಡು ಮದ್ದುಗಳೂ ಪೂರ್ತಿ 90 ದಿನ. ಲಾಭ ಮತ್ತೆ ಕಂಡಿತು: ದೊಡ್ಡ ಆಘಾತಗಳು ನೂರಕ್ಕೆ 6.5ರಿಂದ 5ಕ್ಕೆ ಇಳಿದವು. ಆದರೆ ದೊಡ್ಡ ರಕ್ತಸ್ರಾವ 0.4ರಿಂದ 0.9ಕ್ಕೆ ಏರಿತು. ಸಾವಿರ ರೋಗಿಗಳಿಗೆ ಲೆಕ್ಕ ಹಾಕಿದರೆ, ಹದಿನೈದು ಆಘಾತಗಳನ್ನು ತಪ್ಪಿಸಲು ಐದು ರಕ್ತಸ್ರಾವಗಳ ಬೆಲೆ. ಎರಡೂ ಪರೀಕ್ಷೆಗಳ ದತ್ತಾಂಶವನ್ನು ಒಟ್ಟಿಗಿಟ್ಟು 2019ರಲ್ಲಿ ಪರಿಶೀಲಿಸಿದಾಗ ವಿಷಯ ಸ್ಪಷ್ಟವಾಯಿತು. ಲಾಭವೆಲ್ಲ ಮೊದಲ ಮೂರು ವಾರಗಳಲ್ಲೇ ಕೂಡಿತ್ತು. 22ನೆಯ ದಿನದಿಂದ 90ನೆಯ ದಿನದ ತನಕ ಎರಡನೆಯ ಮಾತ್ರೆಯಿಂದ ಹೇಳಿಕೊಳ್ಳುವಂಥ ಲಾಭವಿರಲಿಲ್ಲ. ಅಮೆರಿಕದ ಹೃದಯ ಮತ್ತು ಪಾರ್ಶ್ವವಾಯು ಸಂಘಟನೆಗಳ 2021ರ ಮಾರ್ಗಸೂಚಿ, ಇಂಥ ರೋಗಿಗಳಿಗೆ ಎರಡು ಮದ್ದನ್ನು ಬೇಗ ಆರಂಭಿಸಿ 21ರಿಂದ 90 ದಿನ ಮುಂದುವರಿಸಿ, ಅನಂತರ ಒಂದಕ್ಕೆ ಇಳಿಯಬೇಕೆನ್ನುತ್ತದೆ. 2023ರಲ್ಲಿ ಬಂದ ಚೀನಾದ ‘ಇನ್‌ಸ್ಪೈರ್ಸ್’ ಪರೀಕ್ಷೆ, 72 ಗಂಟೆಗಳ ತನಕ ತಡವಾದರೂ ಪ್ರಯೋಜನವಿದೆಯೆಂದು ತೋರಿಸಿತು. ರಕ್ತಸ್ರಾವ ಸ್ವಲ್ಪ ಹೆಚ್ಚೇ. ಪೇಟೆಯ ಆಸ್ಪತ್ರೆಗೆ ಬಸ್ಸು ಹಿಡಿದು ಬರುವ ಊರುಗಳಿಗೆ ಇದು ಸಣ್ಣ ಸಮಾಧಾನ. ಆದರೂ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆಯೇ. 108 ಎಂಬ ಆಂಬುಲೆನ್ಸ್ ಸಂಖ್ಯೆ ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಗೋವಾ, ಕರ್ನಾಟಕ ಎಲ್ಲಕ್ಕೂ ಒಂದೇ ಆಗಿರುವುದು ಗಡಿನಾಡಿನವರಿಗೆ ಒದಗಿದ ಅಪರೂಪದ ಸೌಕರ್ಯ.

ಯಾರಿಗೆ ಸಲ್ಲದು

ಇಷ್ಟೆಲ್ಲ ಹೇಳಿದ್ದು ಲಘು ಪಾರ್ಶ್ವವಾಯುವಿಗೆ. ಮೆದುಳಿನ ಹೆಚ್ಚು ಭಾಗ ಘಾಸಿಗೊಂಡಿದ್ದರೆ ಆ ಭಾಗದೊಳಗೇ ರಕ್ತ ಒಸರುವ ಅಪಾಯ ಇರುವುದರಿಂದ ಸಾಮಾನ್ಯವಾಗಿ ಒಂದೇ ಮದ್ದು. ಹೃದಯದ ಬಡಿತ ತಾಳ ತಪ್ಪಿ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಏರಿ ಬಂದಿದ್ದರೆ ಈ ಜೋಡಿಯೇ ಸಾಲದು. ಅದಕ್ಕೆ ಬೇರೆ ವರ್ಗದ, ರಕ್ತ ತೆಳುವಾಗಿಸುವವೆಂದು ಕರೆಯಲಾಗುವ ಮದ್ದುಗಳು ಬೇಕು. ಇನ್ನೊಂದೆಡೆ, ಮೆದುಳಿನೊಳಗಿನ ದೊಡ್ಡ ನಾಳವೊಂದು ತೀರಾ ಇಕ್ಕಟ್ಟಾಗಿದ್ದರೆ ಎರಡು ಮದ್ದನ್ನು ಮೂರು ತಿಂಗಳ ತನಕ ಕೊಡುವುದುಂಟು. ಏಷ್ಯಾದ ಜನರಲ್ಲಿ ಈ ಬಗೆಯ ಇಕ್ಕಟ್ಟು ಹೆಚ್ಚು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಇದೇ ಎರಡು ಮಾತ್ರೆಗಳನ್ನು ತಿಂಗಳುಗಟ್ಟಲೆ, ಹಲವೊಮ್ಮೆ ವರ್ಷ ಕಾಲ ಸೇವಿಸುತ್ತಾರೆ. ಅದು ಅವರ ಸ್ಟೆಂಟಿನ ಕಾರಣಕ್ಕೆ. ಆದ್ದರಿಂದ ನೆರೆಮನೆಯ ಚಿಕ್ಕಪ್ಪ ಎರಡು ವರ್ಷದಿಂದ ನುಂಗುತ್ತಿದ್ದಾರೆಂಬುದು ನಮ್ಮ ಮನೆಯ ಅಜ್ಜನಿಗೆ ಆಧಾರವಾಗದು.

ಕ್ಲೋಪಿಡೋಗ್ರೆಲ್‌ಗೆ ಮತ್ತೊಂದು ಮಿತಿಯಿದೆ. ನುಂಗಿದ ರೂಪದಲ್ಲಿ ಅದು ನಿಷ್ಕ್ರಿಯ. ಯಕೃತ್ತಿನ ಕಿಣ್ವವೊಂದು ಅದನ್ನು ಹುರಿದು ಹದಮಾಡಿದ ಮೇಲಷ್ಟೇ ಕೆಲಸ ಮಾಡುತ್ತದೆ. ಆ ಕಿಣ್ವ ಹುಟ್ಟಿನಿಂದಲೇ ಮಂದವಾಗಿರುವವರು ಏಷ್ಯಾದಲ್ಲಿ ಬಹಳ. ‘ಚಾನ್ಸ್’ ಪರೀಕ್ಷೆಯಲ್ಲಿ ಜೀನ್ ತಪಾಸಣೆಗೆ ಒಳಗಾದ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಇಂಥ ಜೀನ್ ಕಂಡಿತು. ಎರಡು ಮದ್ದಿನ ಹೆಚ್ಚುವರಿ ಲಾಭ ಅವರಿಗೆ ಅಷ್ಟಾಗಿ ದೊರೆಯಲಿಲ್ಲ. 2021ರ ‘ಚಾನ್ಸ್-2’ ಪರೀಕ್ಷೆ ಅಂಥವರನ್ನೇ ಹುಡುಕಿ, 6,412 ಮಂದಿಯಲ್ಲಿ ಕ್ಲೋಪಿಡೋಗ್ರೆಲ್ ಬದಲು ಟಿಕಾಗ್ರೆಲಾರ್ ಎಂಬ ಮದ್ದನ್ನು ಆಸ್ಪಿರಿನ್ ಜೊತೆ ಕೊಟ್ಟು ನೋಡಿತು; ಹೊಸ ಪಾರ್ಶ್ವವಾಯು ನೂರಕ್ಕೆ 7.6ರಿಂದ 6ಕ್ಕೆ ಇಳಿಯಿತು. ಆದರೆ ಜೀನ್ ತಪಾಸಣೆ ಇನ್ನೂ ಎಲ್ಲ ಆಸ್ಪತ್ರೆಗಳ ನಿತ್ಯದ ಕ್ರಮವಲ್ಲ. ಒಂದು ಸುಲಭದ ಎಚ್ಚರಿಕೆ ಮಾತ್ರ ಎಲ್ಲರ ಕೈಯಲ್ಲಿದೆ: ಹೊಟ್ಟೆಯುರಿಗೆಂದು ಅಂಗಡಿಯಲ್ಲಿ ಸಿಗುವ ಒಮೆಪ್ರಜೋಲ್ ಅದೇ ಕಿಣ್ವವನ್ನು ತಡೆದು ಕ್ಲೋಪಿಡೋಗ್ರೆಲ್‌ನ ಬಲ ತಗ್ಗಿಸುತ್ತದೆ. ಹೊಟ್ಟೆಯ ರಕ್ಷಣೆಗೆ ಗುಳಿಗೆ ಬೇಕಾದಲ್ಲಿ ವೈದ್ಯರು ಹೆಚ್ಚಾಗಿ ಪ್ಯಾಂಟೊಪ್ರಜೋಲ್ ಬರೆಯುವುದು ಈ ಕಾರಣಕ್ಕೆ. ಅವರು ಬರೆದದ್ದನ್ನು ಬಿಟ್ಟು ಬೇರೊಂದನ್ನು ಕೊಂಡುಕೊಳ್ಳಬಾರದು.

ಭಾಷೆಯ ಪಾಲು

ನಮ್ಮ ದೇಶದಲ್ಲಿ 31 ಕೇಂದ್ರಗಳಲ್ಲಿ 4,298 ಪಾರ್ಶ್ವವಾಯು ರೋಗಿಗಳನ್ನು ಒಳಗೊಂಡ ‘ಸ್ಪ್ರಿಂಟ್ ಇಂಡಿಯಾ’ ಎಂಬ ಪರೀಕ್ಷೆ ನಡೆಯಿತು. ಅಲ್ಲಿ ಪರೀಕ್ಷೆಗೊಳಗಾದದ್ದು ಮಾತ್ರೆಯಲ್ಲ, ಮಾತು. ಅರ್ಧ ರೋಗಿಗಳಿಗೆ ಎಂದಿನ ಚಿಕಿತ್ಸೆಯ ಜೊತೆ ಮೊಬೈಲಿಗೆ ಸಂದೇಶಗಳು, ಕಿರುಚಿತ್ರಗಳು, ಒಂದು ಅಭ್ಯಾಸ ಪುಸ್ತಕ. ಅವೂ 12 ಭಾಷೆಗಳಲ್ಲಿ. 2023ರಲ್ಲಿ ಪ್ರಕಟವಾದ ಫಲಿತಾಂಶ ಉತ್ಸಾಹ ತರುವಂಥದ್ದಾಗಿರಲಿಲ್ಲ: ಒಂದು ವರ್ಷದಲ್ಲಿ ಹೊಸ ಆಘಾತಗಳು ಕಡಿಮೆಯಾಗಲಿಲ್ಲ. ಆದರೆ ತಮ್ಮ ಭಾಷೆಯಲ್ಲಿ ತಿಳಿವಳಿಕೆ ಪಡೆದವರು ಮದ್ದನ್ನು ಹೆಚ್ಚು ಕ್ರಮವಾಗಿ ಸೇವಿಸಿದರು. ಕುಡಿತ, ಧೂಮಪಾನ ಬಿಟ್ಟವರೂ ಅವರಲ್ಲಿ ಹೆಚ್ಚಿದ್ದರು. ಎರಡೂ ಗುಂಪಿನವರು ಒಳ್ಳೆಯ ಕೇಂದ್ರಗಳಲ್ಲಿ ಚಿಕಿತ್ಸೆ ಪಡೆದವರಾದ್ದರಿಂದ ವ್ಯತ್ಯಾಸ ಮರೆಯಾಗಿರಬಹುದು. ಮಾತು ಮಾತ್ರೆಯ ಬದಲಿಗೆ ಬರುವುದಿಲ್ಲ. ಮಾತ್ರೆ ಸರಿಯಾಗಿ ಬಾಯಿಗೆ ಸೇರಲು ಮಾತು ಬೇಕು ಎಂಬಷ್ಟನ್ನು ಈ ಪರೀಕ್ಷೆಯಿಂದ ಒಪ್ಪಬಹುದು. ಭಾಷಾ ಅಲ್ಪಸಂಖ್ಯಾತರ ಊರುಗಳಲ್ಲಿ ವೈದ್ಯರ ಭಾಷೆ ಒಂದು, ಮದ್ದಿನ ಅಂಗಡಿಯವರದು ಇನ್ನೊಂದು, ಚೀಟಿಯದು ಮೂರನೆಯದು. ಕಾಸರಗೋಡಿನವರು ಮಂಗಳೂರಿನಲ್ಲಿ ಚಿಕಿತ್ಸೆ ಪಡೆದು ಊರಿನ ಆರೋಗ್ಯ ಕೇಂದ್ರದಲ್ಲಿ ಮುಂದಿನ ತಪಾಸಣೆಗೆ ಹೋದಾಗ ಚೀಟಿಯೊಂದೇ ಎರಡು ರಾಜ್ಯಗಳ ನಡುವಿನ ಸೇತುವೆ.

ಆ ಚೀಟಿಯನ್ನು ಓದುವ ಮಕ್ಕಳೂ ದೊಡ್ಡವರೂ ಮೊದಲಿಗೆ ನೋಡಬೇಕಾದದ್ದು ಮಾತ್ರೆಯ ಹೆಸರನ್ನಲ್ಲ, ಪಟ್ಟಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ಮದ್ದಿನ ಹೆಸರನ್ನು. ನಮ್ಮಲ್ಲಿ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡನ್ನೂ ಒಂದೇ ಗುಳಿಗೆಯಲ್ಲಿ ತುಂಬಿ ಮಾರುವುದು ಸಾಮಾನ್ಯ. ಕೊಬ್ಬು ಇಳಿಸುವ ಅಟೋರ್ವಾಸ್ಟಾಟಿನ್ ಸೇರಿಸಿ ಮೂರನ್ನೂ ಒಂದಾಗಿಸಿದ ಗುಳಿಗೆಗಳೂ ಇವೆ. ನುಂಗಲು ಸುಲಭ ನಿಜ. ತೊಂದರೆ ಬರುವುದು 22ನೆಯ ದಿನ. ‘ಒಂದನ್ನು ನಿಲ್ಲಿಸಿ’ ಎಂದು ವೈದ್ಯರು ಹೇಳಿದ್ದರೆ, ಒಂದೇ ಗುಳಿಗೆ ಇರುವ ಮನೆಯವರು ಅದನ್ನೇ ನಿಲ್ಲಿಸುತ್ತಾರೆ. ಅದರೊಂದಿಗೆ ಎರಡೂ ನಿಂತವು, ಕೊಬ್ಬಿನ ಮದ್ದೂ ನಿಂತಿತು. ತದ್ವಿರುದ್ಧವೂ ನಡೆಯುವುದುಂಟು. ಮೊದಲೇ ಆಸ್ಪಿರಿನ್ ನುಂಗುತ್ತಿದ್ದವರು ಹಳೆಯ ಪಟ್ಟಿಯನ್ನು ಬಿಡದೆ ಹೊಸ ಜೋಡಿ ಗುಳಿಗೆಯನ್ನೂ ಸೇರಿಸಿಕೊಂಡರೆ ಆಸ್ಪಿರಿನ್ ಇಮ್ಮಡಿಯಾಗುತ್ತದೆ. ಹೆಸರಿನ ಬಾಲದಲ್ಲಿರುವ ಒಂದೆರಡು ಇಂಗ್ಲಿಷ್ ಅಕ್ಷರಗಳು ಬದಲಾದರೆ ಒಳಗಿನ ಮದ್ದೇ ಬದಲಾಗುತ್ತದೆಂಬುದನ್ನು ಅಂಗಡಿಯಲ್ಲಿ ಕೊಳ್ಳುವಾಗ ನೆನಪಿಡಬೇಕು. ಬಿಡುಗಡೆಯ ದಿನವೇ ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆ ಇದು: ಎರಡರಲ್ಲಿ ಯಾವುದು ನಿಲ್ಲಬೇಕು, ಯಾವುದು ಉಳಿಯಬೇಕು, ಉಳಿಯುವುದರ ಒಂಟಿ ಗುಳಿಗೆ ಯಾವುದು?

ಎರಡು ಮದ್ದು ನಡೆಯುತ್ತಿರುವಾಗ ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳನ್ನು ತಾವಾಗಿ ಕೊಂಡು ನುಂಗುವುದು ಹೊಟ್ಟೆಯ ರಕ್ತಸ್ರಾವಕ್ಕೆ ಹಾದಿ. ಐಬುಪ್ರೊಫೇನ್ ಆಸ್ಪಿರಿನ್‌ನ ಕೆಲಸಕ್ಕೂ ಅಡ್ಡಿ. ಮಲ ಡಾಮರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಹಿಂದೆಂದೂ ಇಲ್ಲದ ತಲೆನೋವು ಹಠಾತ್ತನೆ ಬಂದರೆ ಆಸ್ಪತ್ರೆಗೆ ಹೋಗಬೇಕು. ಹಲ್ಲು ಕೀಳಿಸುವ ಮುನ್ನ ಮದ್ದಿನ ವಿಷಯ ತಿಳಿಸಬೇಕು. ಆದರೆ ಕೇಳದೆ ತಾವೇ ಮದ್ದು ನಿಲ್ಲಿಸಿಕೊಂಡು ಹೋಗಬಾರದು. ಮಳೆಗಾಲದಲ್ಲಿ ರಬ್ಬರ್, ಅಡಿಕೆ ತೋಟಗಳ ಊರುಗಳಿಗೆ ಡೆಂಗಿ ಬರುತ್ತದೆ. ಡೆಂಗಿಯಲ್ಲಿ ಕಿರುತಟ್ಟೆಗಳ ಸಂಖ್ಯೆಯೇ ಕುಸಿಯುವುದರಿಂದ, ಇರುವ ಕೆಲವನ್ನು ಮೂಕವೂ ಕಿವುಡೂ ಆಗಿಸುವ ಈ ಮದ್ದುಗಳ ಸಂಗತಿಯನ್ನು ಜ್ವರ ಬಂದ ದಿನವೇ ವೈದ್ಯರಿಗೆ ಹೇಳಬೇಕು.

ಮದ್ದಿಗಿಂತ ದೊಡ್ಡ ಪಾಲು ರಕ್ತದೊತ್ತಡದ ನಿಯಂತ್ರಣದ್ದು. ಅದಕ್ಕೆ ಬೇರೆಯೇ ಲೇಖನ ಬೇಕು. ಇಲ್ಲಿ ದಿನದ ಎಣಿಕೆಯ ಬಗ್ಗೆ ಒಂದು ಮಾತು ಉಳಿದಿದೆ. ಇಪ್ಪತ್ತೊಂದು ದಿನಗಳ ಲೆಕ್ಕ ಶುರುವಾಗುವುದು ಆಸ್ಪತ್ರೆಯಲ್ಲಿ ಎರಡು ಮದ್ದನ್ನು ಒಟ್ಟಿಗೆ ಕೊಟ್ಟ ಮೊದಲ ದಿನದಿಂದ, ಮನೆಗೆ ಬಂದ ದಿನದಿಂದಲ್ಲ. ಐದು ದಿನ ಒಳರೋಗಿಯಾಗಿದ್ದವರಿಗೆ ಮನೆಯಲ್ಲಿ ಉಳಿಯುವುದು ಹದಿನಾರೇ. ಕೊನೆಯ ತಾರೀಖನ್ನು ವೈದ್ಯರಿಂದ ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದರ ಕೆಳಗೆ ಮುಂದುವರಿಯಬೇಕಾದ ಮಾತ್ರೆಯ ಹೆಸರನ್ನು ಕನ್ನಡದಲ್ಲಿ ಬರೆದಿಡಬಹುದು.